ಭಾನುವಾರದ ಕಿರ್ದಿ

ಕಾದಂಬರಿಯ ಕಾಲಮಿನಲ್ಲಿ ಹನ್ನೊಂದು ಸೊನ್ನೆಗಳು ಒಂದರ ಕೆಳಗೊಂದು ಕೂತಿದ್ದವು. ಆ ಭಾನುವಾರ ಸಂಜೆ ಹನ್ನೆರಡನೆಯದನ್ನು ಬರೆಯಲು ಪೆನ್ನು ಎತ್ತಿದವಳು ಕೈ ತಡೆದು ಪಕ್ಕದ ಕಾಲಮುಗಳನ್ನು ನೋಡಿದೆ. ಅನುವಾದ: ನಾಲ್ಕು ಪುಟ, ಮೂರು, ಐದು. ಮಕ್ಕಳ ಕಥೆ: ಎರಡು ಮುಗಿದಿವೆ. ಹಳೆಯ ಪ್ರಬಂಧಗಳ ಸಂಕಲನ: ವಾರಕ್ಕೆ ಹತ್ತು, ಹನ್ನೆರಡು, ಒಂದು ವಾರವಂತೂ ಹದಿನೆಂಟು. ಎಲ್ಲ ಕೂಡಿಸಿದರೆ ನಾನು ಅಷ್ಟು ಕೆಲಸ ಮಾಡಿದ ಹನ್ನೊಂದು ವಾರಗಳು ಹಿಂದೆಂದೂ ಇರಲಿಲ್ಲ. ಆದರೆ ಯಾವುದಕ್ಕಾಗಿ ಬೆಳಗಿನ ಜಾವ ನಾಲ್ಕೂವರೆಗೆ ಏಳುವುದನ್ನು ರೂಢಿಸಿಕೊಂಡಿದ್ದೆನೋ ಅದು ಒಂದು ಸಾಲೂ ಮುಂದಕ್ಕೆ ಹೋಗಿರಲಿಲ್ಲ.

ಲೆಕ್ಕ ಇಡುವುದು ಅಪ್ಪಯ್ಯನಿಂದ ಬಂದದ್ದು. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ರಾತ್ರಿ ಊಟವಾಗಿ ಎಲೆ ಹಾಕಿಕೊಂಡ ಮೇಲೆ ಅಪ್ಪಯ್ಯ ಕೆಂಪು ರಟ್ಟಿನ ಉದ್ದ ಪುಸ್ತಕ ತೆಗೆದು ಆ ದಿನದ ಕಿರ್ದಿ ಬರೆಯುತ್ತಿದ್ದರು. ಆಳು ಎಷ್ಟು ಬಂದವು, ಎಷ್ಟು ಮರದ ಕೊನೆ ಇಳಿಸಿದ್ದಾಯಿತು, ಕೊಳೆರೋಗಕ್ಕೆ ಔಷಧಿ ಹೊಡೆದ ದಿನವಾದರೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎನ್ನುವುದು ನನಗೆ ಮಗ್ಗಿಯ ಜೊತೆಯಲ್ಲೇ ಬಾಯಿಪಾಠವಾಗಿತ್ತು. ಅಪ್ಪಯ್ಯ ಹೋದ ಮೇಲೆ ಆ ಪುಸ್ತಕಗಳಲ್ಲಿ ಕೊನೆಯದು, ಅರ್ಧ ಖಾಲಿ ಉಳಿದದ್ದು, ನನ್ನ ಕೈಗೆ ಬಂತು. ಆ ಖಾಲಿ ಹಾಳೆಗಳಲ್ಲೇ ನನ್ನ ಬರವಣಿಗೆಯ ಲೆಕ್ಕ ಶುರುಮಾಡಿದೆ.

ಪುಟ ಎಣಿಸುವ ಕ್ರಮ ಮಾತ್ರ ಅಪ್ಪಯ್ಯನದಲ್ಲ, ಆಂಟನಿ ಟ್ರೊಲಪ್‌ನದು. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ. ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಪ್ರಕಟವಾದ ಆತ್ಮಕಥೆಯಲ್ಲಿ ಲೆಕ್ಕವನ್ನೆಲ್ಲ ಬಿಚ್ಚಿಟ್ಟಿದ್ದಾನೆ. ಪುಟಕ್ಕೆ 250 ಪದ, ವಾರಕ್ಕೆ ಸರಾಸರಿ 40 ಪುಟ. ದಿನಚರಿಯಲ್ಲಿ ವಾರವಾರದ ಮನೆ ಹಾಕಿಕೊಂಡು ಬರೆದ ಪುಟಗಳನ್ನು ತುಂಬುತ್ತಿದ್ದನಂತೆ, ಖಾಲಿ ಬಿದ್ದ ವಾರ ಕಣ್ಣಿಗೆ ಚುಚ್ಚಲಿ ಎಂದು. ಶಾಲೆಯಲ್ಲಿ ಪಾಠ ಮಾಡಿ, ಉತ್ತರ ಪತ್ರಿಕೆ ತಿದ್ದಿ, ಮನೆ ನೋಡಿಕೊಂಡು ಬರೆಯಬೇಕಾದ ನನಗೆ ಅದು ಧೈರ್ಯ ಕೊಟ್ಟಿತು. ಅವನಿಗೆ ನಲವತ್ತಾದರೆ ನನಗೆ ಎಂಟಾದರೂ ಆಗಲಿ ಎಂದು ನಾಲ್ಕು ಕಾಲಂ ಗೀಚಿದೆ.

ತಪ್ಪಿದ್ದು ಆ ನಾಲ್ಕರಲ್ಲಿ. ಟ್ರೊಲಪ್ ‘ಡಾಕ್ಟರ್ ಥಾರ್ನ್’ ಮುಗಿಸಿದ ಮರುದಿನವೇ ‘ದ ಬರ್ಟ್ರಮ್ಸ್’ ಹಿಡಿದನೆಂಬುದನ್ನು ಓದಿ ಅವನ ವೇಗಕ್ಕೆ ಬೆರಗಾಗಿದ್ದೆನೇ ಹೊರತು, ಅದರ ಅರ್ಥ ತಲೆಗೆ ಹೋಗಿರಲಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು. ಒಂದೇ ಕಾಲಂ ಇದ್ದವನಿಗೆ ಪುಟದ ಲೆಕ್ಕ ಸುಳ್ಳು ಹೇಳಲಾರದು. ನಾಲ್ಕಿದ್ದರೆ ಒಂದರ ಸೊನ್ನೆಯನ್ನು ಇನ್ನೊಂದರ ಹದಿನೆಂಟು ಮುಚ್ಚಿಬಿಡುತ್ತದೆ.

ಸಂಕಲನದ ಕೆಲಸ ಏನಿತ್ತೆಂದು ಹೇಳಿದರೆ ಆ ಹದಿನೆಂಟರ ಬೆಲೆ ತಿಳಿಯುತ್ತದೆ. ವರ್ಷಗಳ ಹಿಂದೆ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿದ್ದ ಪ್ರಬಂಧಗಳನ್ನು ಯೂನಿಕೋಡಿಗೆ ತಂದಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದವು. ‘ಸೂರ್ಯ’ ಇದ್ದಲ್ಲಿ ‘ಸೂಯ೯’, ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ. ಕಾರ್ಯ, ವರ್ಷ, ಮರ್ಯಾದೆ, ಎಲ್ಲದರಲ್ಲೂ ಒಂಬತ್ತು. ಅದನ್ನು ಒಂದೊಂದಾಗಿ ತಿದ್ದುತ್ತಾ ಕೂತರೆ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ, ಎದ್ದಾಗ ಕೆಲಸ ಮಾಡಿದ ದಣಿವೂ ಇರುತ್ತದೆ. ಮಾಡಲೇಬೇಕಾದ ಕೆಲಸವೇ ಅದು. ಆದರೆ ರಾತ್ರಿ ಒಂಬತ್ತಕ್ಕೆ ಮಾಡಬಹುದಾದ್ದನ್ನು ನಾನು ಬೆಳಗಿನ ಜಾವ, ಮನಸ್ಸು ತೊಳೆದಿಟ್ಟ ಹಾಗಿರುವ ಹೊತ್ತಿನಲ್ಲಿ ಮಾಡುತ್ತಿದ್ದೆ. ಕಾದಂಬರಿಯ ಏಳನೆಯ ಅಧ್ಯಾಯದ ಎದುರು ಕೂರಲು ನನಗೆ ಭಯವಾಗುತ್ತಿತ್ತು.

ಆ ಅಧ್ಯಾಯದಲ್ಲಿ ನಡೆಯುವುದು ಇಷ್ಟೇ. ಹಿಸ್ಸೆಯಾಗಲಿರುವ ಮನೆ. ಸುಗ್ಗಿಯ ಒಂದು ರಾತ್ರಿ ಅಂಗಳದಲ್ಲಿ ಹೆಂಗಸರು ಅಡಿಕೆ ಸುಲಿಯುತ್ತಿದ್ದಾರೆ, ಹಿರಿ ಸೊಸೆಯೂ ಜೊತೆಗೆ ಕೂತಿದ್ದಾಳೆ. ಮನೆ ಪಾಲಾಗುತ್ತದೆಂಬ ಸುದ್ದಿ ಅವಳಿಗೆ ಗಂಡನ ಬಾಯಿಂದಲ್ಲ, ಆ ಹೆಂಗಸರ ಮಾತಿನ ನಡುವೆ ತಿಳಿಯಬೇಕು. ಐದು ಸಲ ಬರೆದು ಐದು ಸಲವೂ ಹರಿದಿದ್ದೆ. ಎಲ್ಲರೂ ನನ್ನ ಹಾಗೇ ಮಾತಾಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪೂರ್ತಿ ವಾಕ್ಯಗಳಲ್ಲಿ.

ಅಡಿಕೆ ಮನೆಯಲ್ಲಿ ಹುಟ್ಟಿದವಳು ನಾನು, ಇದು ಗೊತ್ತಿಲ್ಲದಿರುವುದು ಹೇಗೆ ಎಂದು ಮೊದಲು ಅನ್ನಿಸಿತು. ಯೋಚಿಸಿದರೆ ನಿಜಕ್ಕೂ ಗೊತ್ತಿರಲಿಲ್ಲ. ಸುಗ್ಗಿಯ ರಾತ್ರಿಗಳಲ್ಲಿ ನಾನು ಒಳಗೆ, ಮಾಳಿಗೆಯ ಮೇಲೆ ಕಂಬಳಿ ಹೊದ್ದು ಮಲಗಿರುತ್ತಿದ್ದೆ. ಸುಲಿಯುವ ಸದ್ದು, ನಡುವೆ ಒಂದು ನಗು, ಯಾರೋ ಕೆಮ್ಮಿದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಮಾತು ಕೇಳಿರಲಿಲ್ಲ. ಯಜಮಾನರ ಮಗಳಿಗೆ ಅದು ಕೇಳುವ ಜಾಗವೂ ಆಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಎರಡು ದಿನ ರಜೆ ಹಾಕಿ, ಶನಿವಾರ ಭಾನುವಾರವನ್ನೂ ಸೇರಿಸಿಕೊಂಡು ದೊಡ್ಡಮ್ಮನ ಮನೆಗೆ ಹೋದೆ. ಈಗ ಎಷ್ಟೋ ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ, ದೊಡ್ಡಮ್ಮನ ಮನೆಯಲ್ಲಿ ಇನ್ನೂ ಮೆಟ್ಟುಗತ್ತಿಯೇ. ನಾನೂ ಸುಲಿಯಲು ಕೂರುತ್ತೇನೆ ಅಂದಾಗ ದೊಡ್ಡಮ್ಮ “ಎಂತ ಹುಚ್ಚೇ ನಿಂಗೆ, ಕೈ ಕುಯ್ಕಂತೀಯ” ಅಂದರು. ಆದರೂ ಒಂದು ಕತ್ತಿ ಕೊಡಿಸಿದರು.

ಮಣೆಯ ಮೇಲೆ ಕಾಲಿಟ್ಟು ಅದುಮಿಕೊಂಡು ಕೂರಬೇಕು. ಎದುರಿಗೆ ಕತ್ತಿಯ ಅಲಗು ಮೇಲ್ಮುಖವಾಗಿ ನಿಂತಿರುತ್ತದೆ. ಹಸಿ ಅಡಿಕೆಯನ್ನು ಅದಕ್ಕೆ ಒತ್ತಿ, ತಿರುಗಿಸಿ, ಸಿಪ್ಪೆ ಬಿಡಿಸಿದರೆ ಒಳಗಿನ ಬೇಳೆ ಬುಟ್ಟಿಗೆ ಬೀಳುತ್ತದೆ. ರೂಢಿಯಾದವರ ಕೈಯಲ್ಲಿ ಇದಕ್ಕೆ ಉಸಿರು ಎಳೆದು ಬಿಡುವಷ್ಟು ಹೊತ್ತೂ ಬೇಡ. ಮೊದಲ ರಾತ್ರಿ ನನ್ನ ಬುಟ್ಟಿಯ ತಳ ಮುಚ್ಚಲಿಲ್ಲ, ಹೆಬ್ಬೆರಳು ಎರಡು ಕಡೆ ಗೀರಿತ್ತು, ಕೈಯೆಲ್ಲ ಚೊಗರಿನಿಂದ ಕಪ್ಪಾಗಿತ್ತು. ಎರಡನೆಯ ರಾತ್ರಿ ಒಂದು ವಿಷಯ ಹೊಳೆಯಿತು. ಅಲಗಿನ ಮುಂದೆ ಕೂತವರು ತಲೆ ಎತ್ತುವುದಿಲ್ಲ. ಎತ್ತಿದರೆ ಬೆರಳು ಹೋಗುತ್ತದೆ. ಹಾಗಾಗಿ ಅಲ್ಲಿ ಯಾರೂ ಯಾರಿಗೂ ನೇರ ಹೇಳುವುದಿಲ್ಲ, ಮಾತನ್ನು ನಡುವೆ ಹಾಕಿಬಿಡುತ್ತಾರೆ. ಬೇಕಾದವರು ಎತ್ತಿಕೊಳ್ಳಬೇಕು. ನಾಲ್ಕು ಅಡಿಕೆ ಸುಲಿಯುವಷ್ಟು ಹೊತ್ತು ಸುಮ್ಮನಿದ್ದು ಯಾರೋ ಉತ್ತರ ಕೊಡುತ್ತಾರೆ. ಕೆಲವು ಮಾತಿಗೆ ಉತ್ತರವೇ ಬರುವುದಿಲ್ಲ, ಕತ್ತಿಯ ಸದ್ದು ಮಾತ್ರ ಸ್ವಲ್ಪ ಜೋರಾಗುತ್ತದೆ.

ನನ್ನ ಹಿರಿ ಸೊಸೆ ಐದೂ ಸಲ ತಲೆ ಎತ್ತಿ ನೋಡಿದ್ದಳು. “ಏನಂದೆ?” ಎಂದು ಕೇಳಿದ್ದಳು. ಅಲ್ಲೇ ಅಧ್ಯಾಯ ಸತ್ತಿತ್ತು.

ಅದೇ ರಾತ್ರಿ ಇನ್ನೊಂದು ಕಾಲಂಗೂ ಏನೋ ಸಿಕ್ಕಿತು. ನಾನು ಅನುವಾದ ಮಾಡುತ್ತಿದ್ದದ್ದು ಚೆಕಾವ್‌ನ ಕಥೆಗಳನ್ನು, ಇಂಗ್ಲಿಷಿನ ಮೂಲಕ. 1886ರ ‘ತೊಸ್ಕಾ’ ಎಂಬ ಕಥೆಯಲ್ಲಿ ಮಗನನ್ನು ಕಳೆದುಕೊಂಡ ಗಾಡಿಯವನೊಬ್ಬ ಹಿಮ ಬೀಳುವ ಸಂಜೆ, ಹತ್ತಿ ಇಳಿಯುವವರಿಗೆಲ್ಲ ತನ್ನ ದುಃಖ ಹೇಳಿಕೊಳ್ಳಲು ನೋಡುತ್ತಾನೆ. ಯಾರಿಗೂ ಕೇಳಲು ಪುರುಸೊತ್ತಿಲ್ಲ. ಕೊನೆಗೆ ಲಾಯದಲ್ಲಿ ಕುದುರೆಗೆ ಹೇಳುತ್ತಾನೆ. ಅವನ ಗಾಡಿಗೆ ‘ಜಾರುಬಂಡಿ’ ಎಂದರೆ ನಮ್ಮ ಮಕ್ಕಳು ಪಾರ್ಕಿನಲ್ಲಿ ಆಡುವುದು ನೆನಪಾಗುತ್ತದೆಂದು ‘ಜಾರುಗಾಡಿ’ ಮಾಡಿದ್ದೆ. ಕಥೆಯ ಹೆಸರು ಮಾತ್ರ ಬಗೆಹರಿದಿರಲಿಲ್ಲ. ಕಾನ್‌ಸ್ಟನ್ಸ್ ಗಾರ್ನೆಟ್‌ರ ಇಂಗ್ಲಿಷ್ ಅನುವಾದದಲ್ಲಿ ಅದು ‘ಮಿಸರಿ’. ನಾನು ‘ಸಂಕಟ’ ಎಂದು ಬರೆದು ಹೊಡೆದುಹಾಕಿದ್ದೆ, ಸಂಕಟ ಒಂದು ಹೊತ್ತಿನದು. ‘ಅಳಲು’ ಪದ್ಯದ ಮಾತು. ‘ದುಃಖ’ ಎಲ್ಲದಕ್ಕೂ ಆಗುತ್ತದೆ, ಆದ್ದರಿಂದ ಇದಕ್ಕೆ ಆಗಲಿಲ್ಲ.

ಸುಲಿಯುತ್ತಿದ್ದವರಲ್ಲಿ ವಯಸ್ಸಾದ ಒಬ್ಬಾಕೆ, ಆ ವರ್ಷ ಕೆಲಸಕ್ಕೆ ಬಾರದ ಇನ್ನೊಬ್ಬಾಕೆಯ ವಿಷಯಕ್ಕೆ, “ಅದಕ್ಕೆ ಮಗನ ಕೊರಗು ಹತ್ತಿದೆ, ಅಮ್ಮಾ” ಅಂದರು. ಕೊರಗು. ಒಳಗೇ ಇದ್ದು ಮೈಯನ್ನು ಸೊರಗಿಸುವುದು, ಬೇರೆಯವರಿಗೆ ಕಾಣದೆ ಹತ್ತಿಕೊಳ್ಳುವುದು. ನಾನು ದಿನವೂ ಆಡುವ ಮಾತು, ಮೂರು ವಾರ ನಿಘಂಟು ತಿರುವಿದರೂ ಕಣ್ಣಿಗೆ ಬಿದ್ದಿರಲಿಲ್ಲ. ಕತ್ತಿಯ ಮುಂದಿದ್ದೆ, ಬರೆದುಕೊಳ್ಳಲು ಆಗುವಂತಿರಲಿಲ್ಲ. ಮರೆಯಬಾರದೆಂದು ಆ ಬುಟ್ಟಿ ಮುಗಿಯುವ ತನಕ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಭಾನುವಾರ ಸಂಜೆ ಮನೆಗೆ ಬಂದು ಪುಸ್ತಕ ತೆರೆದೆ. ಅನುವಾದ: ಸೊನ್ನೆ ಪುಟ. ಕಾದಂಬರಿ: ಸೊನ್ನೆ. ಮಕ್ಕಳ ಕಥೆ, ಸಂಕಲನ: ಸೊನ್ನೆ. ಇಷ್ಟು ವಾರಗಳಲ್ಲಿ ನಾಲ್ಕೂ ಸೊನ್ನೆಯಾದದ್ದು ಅದೇ ಮೊದಲು. ಇಷ್ಟು ಮುಂದೆ ಹೋದ ವಾರವೂ ಅದೇ. ಲೆಕ್ಕದಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ.

ಆಗ ಪುಸ್ತಕದ ಮುಂದಿನ ಭಾಗವನ್ನು, ಅಪ್ಪಯ್ಯನ ಕೈಬರಹವನ್ನು ತಿರುವಿದೆ. ಜುಲೈ ತಿಂಗಳ ಹಾಳೆಗಳಲ್ಲಿ ಸಾಲುಸಾಲಾಗಿ ಹೀಗಿತ್ತು: “ಮಳೆ. ಕೆಲಸ ಇಲ್ಲ.” “ಮಳೆ. ಹೊಳವಾಗಲಿಲ್ಲ. ಔಷಧಿ ಬಾಕಿ.” “ಮಧ್ಯಾಹ್ನ ಹೊಳವು. ಕೆಳಗಿನ ತೋಟದಲ್ಲಿ ಕೊಳೆ ಕಂಡಿತು.” ಅಂಕಿಯೇ ಇಲ್ಲದ ಸಾಲುಗಳು. ಕೆಲಸ ಆಗದ ದಿನ ಏಕೆ ಆಗಲಿಲ್ಲ, ಮುಂದೆ ಏನಾಗಬೇಕು, ತೋಟದಲ್ಲಿ ಏನು ಕಂಡಿತು, ಅಷ್ಟನ್ನೂ ಅವರು ಬರೆದಿಟ್ಟಿದ್ದರು. ನನ್ನ ಕಣ್ಣೆದುರೇ ಇದ್ದ ಪುಸ್ತಕವನ್ನು ಬಿಟ್ಟು ನಾನು ಪುಟ ಎಣಿಸುತ್ತಿದ್ದೆ.

ಈಗ ಕಾಲಂ ಗೀಚುವುದಿಲ್ಲ. ವಾರಕ್ಕೆ ನಾಲ್ಕೈದು ಸಾಲು ಬರೆಯುತ್ತೇನೆ. ಯಾವುದು ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದು ಅದರಲ್ಲಿ ಬರಲೇಬೇಕು. ‘ಸಮಯ ಸಾಲಲಿಲ್ಲ’ ಎಂದು ಎರಡು ವಾರ ಸತತ ಬರೆಯುವಂತಿಲ್ಲ. ಎರಡನೆಯ ಸಲ ಅದನ್ನೇ ಬರೆಯಲು ಹೋದರೆ ಕಾರಣ ಬೇರೆ ಇದೆಯೆಂದು ಒಪ್ಪಿಕೊಂಡು ಹುಡುಕಬೇಕು. ಬೆಳಗಿನ ಜಾವ ಕಾದಂಬರಿಗೆ ಮಾತ್ರ. ಅನುವಾದ ಶನಿವಾರ, ಭಾನುವಾರ. ಒಂಬತ್ತಿನ ಅಂಕಿ ತಿದ್ದುವುದು ರಾತ್ರಿ ಊಟದ ನಂತರ, ಅದೂ ಮನಸ್ಸಿದ್ದರೆ. ಮಕ್ಕಳ ಕಥೆಗೆ ಹೊತ್ತು ಗೊತ್ತುಮಾಡಿಲ್ಲ. ಅದು ತರಗತಿಯಲ್ಲಿ ಮಕ್ಕಳ ನಡುವೆ ಇರುವಾಗ ತಾನಾಗಿ ಬರುತ್ತದೆ, ಬಂದಾಗ ಹಾಜರಿ ಪುಸ್ತಕದ ಹಿಂದೆ ಒಂದು ಸಾಲು ಬರೆದಿಡುತ್ತೇನೆ.

ಕೆಲಸ ಮೊದಲಿಗಿಂತ ನಿಧಾನವಾಗಿದೆ. ಕೂಡಿಸಿ ನೋಡಿದರೆ ಪುಟಗಳು ಅರ್ಧಕ್ಕೆ ಇಳಿದಿವೆ. ಈ ವಾರದ ಸಾಲು ಇದು: “ಏಳನೆಯ ಅಧ್ಯಾಯ, ಏಳನೆಯ ಸಲ. ಹಿರಿ ಸೊಸೆ ತಲೆ ಎತ್ತಲಿಲ್ಲ. ಬುಟ್ಟಿ ಇನ್ನೂ ಅರ್ಧ ಇದೆ. ನಾಲ್ಕು ಪುಟ ಹರಿದದ್ದು, ಒಂದೂವರೆ ಉಳಿದದ್ದು. ಸುದ್ದಿ ಕೇಳಿದ ಮೇಲೆ ಅವಳು ಯಾವ ಕೆಲಸ ಹಿಡಿಯುತ್ತಾಳೆ, ಗೊತ್ತಾಗಿಲ್ಲ. ದೊಡ್ಡಮ್ಮನನ್ನು ಕೇಳಬೇಕು.”