ಶುಗರ್ ತಾನಾಗಿ ಇಳಿಯಿತೇ? ಕಿಡ್ನಿ ನೋಡಿಸಿ

ಪ್ರಶ್ನೆ: ನಮ್ಮಪ್ಪನಿಗೆ 58 ವರ್ಷ. ಹನ್ನೆರಡು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಈಗಲೂ ಗದ್ದೆ ಕೆಲಸ ಮಾಡುತ್ತಾರೆ. ಈಚೆಗೆ ಶುಗರ್ ತಾನಾಗಿಯೇ ಇಳಿದಿದೆ ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಕ್ರಿಯಾಟಿನಿನ್ 1.9 ಬಂದಿದೆ. ಉಚ್ಚೆ ಸರಾಗವಾಗಿ ಹೋಗುತ್ತದೆ, ಊತವಿಲ್ಲ. ಹೆದರಬೇಕೇ?
– ಓದುಗರು, ಚುಂಚನಕಟ್ಟೆ

ಉತ್ತರ: ಹೆದರಬೇಡಿ, ಆದರೆ ಸುಮ್ಮನಿರಲೂ ಬೇಡಿ. 58ರ ಗಂಡಸಿಗೆ ಕ್ರಿಯಾಟಿನಿನ್ 1.9 ಎಂದರೆ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಸುಮಾರು 40 ಮಿಲಿಲೀಟರಿನಷ್ಟು ಮಾತ್ರ ಸೋಸುತ್ತಿವೆ ಎಂದು ಲೆಕ್ಕ. 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಒಂದೆರಡು ವಾರದಲ್ಲಿ ಮತ್ತೊಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಉಚ್ಚೆ ಸರಾಗವಾಗಿ ಹೋಗುತ್ತದೆ ಎಂಬ ಸಮಾಧಾನವೇ ಎಷ್ಟೋ ಜನರನ್ನು ಆಸ್ಪತ್ರೆಗೆ ತಡವಾಗಿ ತರುತ್ತದೆ. ಕಲ್ಮಶ ಸೋಸುವ ಶಕ್ತಿ ಬಹುಪಾಲು ಹೋದ ಮೇಲೂ ನೀರು ಹೊರಹಾಕುವ ಶಕ್ತಿ ಉಳಿದಿರಬಹುದು. ಊತ, ವಾಕರಿಕೆ, ಮೈ ನವೆ ಕಾಣಿಸುವ ಹೊತ್ತಿಗೆ ಕಾಯಿಲೆ ಬಹಳ ದೂರ ಸಾಗಿರುತ್ತದೆ.

ಇನ್ನು ಆ ಖುಷಿಯ ಸಂಗತಿ. ಪಥ್ಯ ಮಾಡಿ, ಓಡಾಡಿ ಶುಗರ್ ಇಳಿಸಿಕೊಂಡಿದ್ದರೆ ಭೇಷ್ ಎನ್ನುತ್ತೇನೆ. ಏನೂ ಬದಲಿಸದೆ ಇಳಿದಿದ್ದರೆ ಅನುಮಾನ ಬರಬೇಕು. ಇನ್ಸುಲಿನ್ನನ್ನೂ ಕೆಲವು ಶುಗರ್ ಮಾತ್ರೆಗಳನ್ನೂ ರಕ್ತದಿಂದ ತೆಗೆಯುವುದರಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತಾಗ ಅವು ಹೆಚ್ಚು ಹೊತ್ತು ಉಳಿದು ಸಕ್ಕರೆಯನ್ನು ಎಳೆದು ಇಳಿಸುತ್ತವೆ. ಗದ್ದೆಯಲ್ಲೇ ಬೆವತು, ಕೈ ನಡುಗಿ ಬೀಳುವ ಅಪಾಯವಿದೆ. ಮಾತ್ರೆಗಳ ಪ್ರಮಾಣವನ್ನು ವೈದ್ಯರ ಹತ್ತಿರ ಹೊಸದಾಗಿ ಬರೆಸಿಕೊಳ್ಳಿ. ನೀವೇ ಅರ್ಧ ಮಾಡಬೇಡಿ.

ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಸೋರುತ್ತಿದೆ ಎಂಬ ಪರೀಕ್ಷೆಯನ್ನು ಕೇಳಿ ಮಾಡಿಸಿ. ಸೋರಿಕೆ ತಗ್ಗಿಸಿ ಕಿಡ್ನಿ ಕಾಯುವ ಮಾತ್ರೆಗಳು ಇವತ್ತು ಇವೆ. ಬಿಪಿ 130/80ರ ಒಳಗಿರಲಿ. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕದೊಳಗೇ.

ಪ್ರಶ್ನೆ: ಹೊಗೆಸೊಪ್ಪಿನ ಸೀಸನ್ನಿನಲ್ಲಿ ಸೊಂಟನೋವಿಗೆ ದಿನಾ ಒಂದು ಮಾತ್ರೆ ನುಂಗುತ್ತೇನೆ. ಬಿಪಿ ಮಾತ್ರೆಯೂ ಇದೆ. ತೊಂದರೆಯೇ?
– ಓದುಗರು, ಪಿರಿಯಾಪಟ್ಟಣ

ಉತ್ತರ: ಹೌದು. ಬಿಸಿಲಲ್ಲಿ ಸೊಪ್ಪು ಮುರಿದು, ಅದನ್ನು ಒಣಗಿಸುವ ಬ್ಯಾರನ್ ಬಿಸಿಯಲ್ಲಿ ಬೆವರು ಸುರಿಸಿ ಮೈಯ ನೀರು ಬತ್ತಿದಾಗ ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಕೆಲವು ಬಿಪಿ ಮಾತ್ರೆಗಳ ಜೊತೆ ಇದು ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. ಅಂಗಡಿಯವರು ಕೊಡುವ ಬಿಡಿ ಮಾತ್ರೆಯಲ್ಲಿ ಏನಿದೆಯೆಂದು ನಿಮಗೂ ಗೊತ್ತಿರುವುದಿಲ್ಲ, ಅದೇ ನನ್ನ ತಕರಾರು. ಹಾಳೆಯ ಮೇಲಿನ ಹೆಸರು ಓದಿ. ನೋವು ತಡೆಯದಾದರೆ ವೈದ್ಯರನ್ನು ಕೇಳಿ ಬರೀ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಕೆಲಸದ ನಡುವೆ ನೆರಳು, ನೀರು, ಮಜ್ಜಿಗೆ ಇರಲಿ.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿ ಶುಗರ್, ಬಿಪಿ ಇಲ್ಲದ ರೈತರಲ್ಲೂ ಕಿಡ್ನಿ ಕಾಯಿಲೆ ವಿಪರೀತ. ಕಾರಣ ಇನ್ನೂ ಖಚಿತವಾಗಿಲ್ಲ. ಬಿಸಿಲ ದುಡಿಮೆಯ ಮೇಲೂ ಸಂಶೋಧಕರ ಅನುಮಾನವಿದೆ.

ಪ್ರಶ್ನೆ: ಕಿಡ್ನಿಗೆ ಎಳನೀರು ಒಳ್ಳೆಯದಂತೆ?
– ಓದುಗರು, ಹುಣಸೂರು

ಉತ್ತರ: ಕಿಡ್ನಿ ಚೆನ್ನಾಗಿರುವವರಿಗೆ ಒಳ್ಳೆಯದೇ. ಕಿಡ್ನಿ ಸೋತವರಿಗೆ ಅದರಲ್ಲಿನ ಪೊಟ್ಯಾಸಿಯಂ ಹೃದಯಕ್ಕೇ ಕುತ್ತು ತರಬಹುದು. ಅಂಥವರಿಗೆ ಧಾರೆಹುಳಿ ಹಣ್ಣಂತೂ ಬೇಡವೇ ಬೇಡ.

ಪ್ರಶ್ನೆ: ಡಯಾಲಿಸಿಸ್‌ಗೆ ಕೂರಿಸಿದರೆ ಬೇಗ ಸಾಯುತ್ತಾರೆ ಎನ್ನುತ್ತಾರೆ. ನಮ್ಮತ್ತೆಗೆ ಹೇಳಿದ್ದಾರೆ, ಅವರು ಒಪ್ಪುತ್ತಿಲ್ಲ.
– ಓದುಗರು, ಎಚ್.ಡಿ. ಕೋಟೆ

ಉತ್ತರ: ಕೊನೇ ಗಳಿಗೆಯಲ್ಲಿ, ಉಸಿರು ಕಟ್ಟಿದ ಮೇಲೆ ಕರೆತಂದವರು ತೀರಿಕೊಂಡಾಗ ಆಪಾದನೆ ಯಂತ್ರದ ಮೇಲೆ ಬರುತ್ತದೆ. ಸಮಯಕ್ಕೆ ಶುರು ಮಾಡಿದವರು ವರ್ಷಗಟ್ಟಲೆ ಬದುಕಿದ್ದಾರೆ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಉಚಿತ ಡಯಾಲಿಸಿಸ್ ಸೌಲಭ್ಯವಿದೆ. ಡಯಾಲಿಸಿಸ್ ಸೂಜಿಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಸಿದರೆ ಅದು ಪಳಗಲು ವಾರಗಳು ಬೇಕು. ಅದನ್ನು ಸಾಮಾನ್ಯವಾಗಿ ಹೆಚ್ಚು ಬಳಸದ ಕೈಯಲ್ಲಿ ಮಾಡುತ್ತಾರೆ, ಹಾಗಾಗಿ ಅತ್ತೆಯವರ ಆ ಕೈಯ ರಕ್ತನಾಳ ಕೆಡದಂತೆ ಇನ್ನು ಅಲ್ಲಿ ಸೂಜಿ, ಡ್ರಿಪ್ ಹಾಕಿಸಬೇಡಿ.

ಪತ್ರ ಬರೆಯುವವರು ಕ್ರಿಯಾಟಿನಿನ್ ರಿಪೋರ್ಟಿನ ತಾರೀಖನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಬರೆಯಿರಿ. ನಾಟಿ ಔಷಧಿ ಇದ್ದರೆ ಅದನ್ನೂ ಮುಚ್ಚಿಡಬೇಡಿ.