ಬೇಲಿ ಸವರುವ ಕೈಗೂ ಕಾನೂನಿದೆ

ನೈರೋಬಿಯ ಕರೆನ್‌ ಬಡಾವಣೆಯಲ್ಲಿ ಮನೆಗಳು ರಸ್ತೆಗೆ ಕಾಣುವುದಿಲ್ಲ. ಆಳೆತ್ತರದ ಕೇ ಆಪಲ್ ಮುಳ್ಳುಬೇಲಿ, ಅದರ ಹಿಂದೆ ದೊಡ್ಡ ಹುಲ್ಲುಹಾಸು. ಇದನ್ನೆಲ್ಲ ಓರಣವಾಗಿಡುವ ಎಷ್ಟೋ ಜನ ಬೆಳಗಾದರೆ ಕುವಿಂಡಾದ ತಗಡಿನ ಮನೆಗಳಿಂದ ನಡೆದು ಬರುತ್ತಾರೆ. ನಮ್ಮ ಮನೆಯಲ್ಲಿ ಅಡುಗೆಗೆ ನೆರವಾಗುವ ಹೆಂಗಸಿನ ಗಂಡ ಅವರಲ್ಲೊಬ್ಬ. ಬೇರೊಂದು ಮನೆಯ ಬೇಲಿ ಸವರುವಾಗ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಮನೆಯವರು ಆಸ್ಪತ್ರೆ ಬಿಲ್ ಕಟ್ಟಿ, ಕೈಗೆ ಒಂದಿಷ್ಟು ಶಿಲ್ಲಿಂಗ್ ಕೊಟ್ಟು, ‘ವಾಸಿಯಾದ ಮೇಲೆ ನೋಡೋಣ’ ಎಂದು ಕಳಿಸಿಬಿಟ್ಟರು. ಗಂಡ ಹೆಂಡತಿ ಅದನ್ನೇ ದೊಡ್ಡ ಉಪಕಾರವೆಂದುಕೊಂಡರು.

ಅವರ ಜೊತೆ ಔದ್ಯೋಗಿಕ ಸುರಕ್ಷತೆಯ ಕಚೇರಿಗೆ ಓಡಾಡಿ ನಾನು ಕಲಿತದ್ದನ್ನು ನೈರೋಬಿಯ ನಮ್ಮವರಿಗೆಲ್ಲ ಹೇಳಲೇಬೇಕು.

ಮೊದಲನೆಯದು, ಕೆಲಸದ ವೇಳೆಯ ಗಾಯಕ್ಕೆ ಪರಿಹಾರ ಕೊಡುವುದು ಮಾಲೀಕರ ಮರ್ಜಿಗೆ ಬಿಟ್ಟ ವಿಷಯವಲ್ಲ. ಎಲ್ಲರೂ ‘ವಿಬಾ’ ಎನ್ನುವ 2007ರ ಕೆಲಸದ ಗಾಯ ಪರಿಹಾರ ಕಾಯ್ದೆ ಸಂಬಳಕ್ಕೆ ದುಡಿಯುವ ತೋಟಗಾರನಿಗೂ ಅನ್ವಯಿಸುತ್ತದೆ. ಮಾಲೀಕರ ತಪ್ಪಿತ್ತೆಂದು ಅವನು ಸಾಬೀತುಪಡಿಸಬೇಕಿಲ್ಲ. ಚಿಕಿತ್ಸೆಯ ಖರ್ಚು ಮಾಲೀಕರದು, ಪರಿಹಾರ ಅದರಿಂದ ಬೇರೆ.

ಎರಡನೆಯದು, ಸುದ್ದಿ ತಕ್ಷಣ ಮುಟ್ಟಿಸಬೇಕು. ಅಪಘಾತ ಗೊತ್ತಾದ 7 ದಿನದೊಳಗೆ ಮಾಲೀಕರು ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶಕರಿಗೆ ವರದಿ ಕೊಡಬೇಕು. ಸಾವಾಗಿದ್ದರೆ 24 ಗಂಟೆಯೊಳಗೆ. ಪರಿಹಾರದ ಅರ್ಜಿಗೆ 12 ತಿಂಗಳ ಗಡುವಿದೆ. ಗಾಯ ಮಾಯುವುದನ್ನೇ ಕಾಯುತ್ತ ಕೂತರೆ ಗಡುವು ದಾಟೀತು.

ಮೂರನೆಯದು, ದಾಖಲೆ. ಅವನ ಬಳಿ ಒಪ್ಪಂದಪತ್ರ ಇರಲಿಲ್ಲ. ಆದರೆ ತಿಂಗಳ ಸಂಬಳ ಎಂ-ಪೆಸಾ ಮೊಬೈಲ್ ಹಣ ಸೇವೆಯಲ್ಲಿ ಬರುತ್ತಿತ್ತು. ಕೆಲಸದ ಪುರಾವೆಗೆಂದು ಆ ಸ್ಟೇಟ್‌ಮೆಂಟ್ ತೆಗೆಸಿದೆವು. ಕಳಿಸಿದವರ ಹೆಸರು, ತಾರೀಖು, ಮೊತ್ತ ಸಾಲುಸಾಲಾಗಿ ಅದರಲ್ಲಿದ್ದವು. ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಲಿಖಿತ ಒಪ್ಪಂದ ಇರಬೇಕೆಂದು 2007ರ ಉದ್ಯೋಗ ಕಾಯ್ದೆಯೇ ಹೇಳುತ್ತದೆ. ಅದನ್ನು ಬರೆಸಿಡುವ ಹೊಣೆ ಮಾಲೀಕರದು.

ನಾಲ್ಕನೆಯದು, ಲೆಕ್ಕ ತಿಳಿದಿರಬೇಕು. ಶಾಶ್ವತ ಊನಕ್ಕೆ 96 ತಿಂಗಳ ಸಂಬಳವೇ ಆಧಾರ. ಊನ ಶೇಕಡಾ ಎಷ್ಟೋ ಅಷ್ಟು ಪಾಲು. ಸಂಬಳ 20,000 ಶಿಲ್ಲಿಂಗ್, ಊನ ಶೇ. 10 ಎಂದುಕೊಂಡರೆ 1,92,000 ಶಿಲ್ಲಿಂಗ್ ಆಗುತ್ತದೆ. ಕೈಗೆ ತುರುಕಿದ ನಾಲ್ಕು ನೋಟಿಗೂ ಇದಕ್ಕೂ ಎಲ್ಲಿಂದೆಲ್ಲಿಗೆ! ಪರಿಹಾರದ ನಮೂನೆಯಲ್ಲಿ ವೈದ್ಯರು ತುಂಬುವ ಭಾಗದಲ್ಲಿ ಊನದ ಶೇಕಡಾವಾರು ಸರಿಯಾಗಿ ನಮೂದಾಗಿದೆಯೇ ಎಂದು ಆಸ್ಪತ್ರೆಯಲ್ಲೇ ನೋಡಿಕೊಳ್ಳಿ.

ಐದನೆಯದು, ನೇರ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ನಿರ್ದೇಶಕರು, ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಅವರಿಗೇ ಆಕ್ಷೇಪಣೆ, ಅದರ ಮೇಲೆ ಕಾರ್ಮಿಕ ನ್ಯಾಯಾಲಯಕ್ಕೆ ಮೇಲ್ಮನವಿ. ಈ ದಾರಿ ಸಂವಿಧಾನಬದ್ಧವೆಂದು ಕೀನ್ಯಾದ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದಿದೆ. ನೇರ ಕೋರ್ಟಿಗೆ ಹೋಗೋಣ ಎನ್ನುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿ.

ಅವನಿಗೆ ಪರಿಹಾರ ತಡವಾಗಿಯಾದರೂ ಬಂತು. ಕೂಲಿಯವನಿಗೆ ಕೈಯೇ ಬಂಡವಾಳ; ಅದಕ್ಕೆ ಊನವಾದಾಗ ಅವನು ಯಾರ ಮುಂದೆಯೂ ಅಂಗಲಾಚುವಂತಾಗಬಾರದು. ಕೆಲಸದವರಿಗೆ ವಿಮೆ ಮಾಡಿಸುವುದು ಮಾಲೀಕರಿಗೆ ಕಡ್ಡಾಯ. ವಿಮೆಯಿದ್ದರೆ ದೊಡ್ಡ ಮೊತ್ತ ಒಮ್ಮೆಗೇ ಮನೆಯವರ ತಲೆ ಮೇಲೂ ಬೀಳದು. ನಿಮ್ಮ ಮನೆಯ ತೋಟಗಾರ, ಕಾವಲುಗಾರ, ಅಡುಗೆಯವರ ಹೆಸರು, ಸೇರಿದ ದಿನ, ಸಂಬಳವನ್ನು ಇವತ್ತೇ ಬರೆದು, ಸಹಿ ಮಾಡಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡಿ.