ಆ ಕಪ್ಪು ಬಾಟಲಿ ಸಸ್ಯಾಹಾರವೇ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗ ರಜೆಗೆ ಬಂದಾಗ ವೆಜಿಮೈಟ್ ಎಂಬ ಕಪ್ಪು ಲೇಪದ ಬಾಟಲಿ ತಂದಿದ್ದ. ಅಕ್ಕಿರೊಟ್ಟಿಗೆ ದಪ್ಪಗೆ ಸವರಿ ತಿಂದು ಬಾಯಿ ಕೆಡಿಸಿಕೊಂಡೆವು. ಇದನ್ನು ಬಿಯರ್‌ನಿಂದ ಮಾಡುತ್ತಾರಂತೆ, ನಿಜವೇ? ನಾವು ಸಸ್ಯಾಹಾರಿಗಳು, ತಿನ್ನಬಹುದೇ?
– ಓದುಗರೊಬ್ಬರು, ಅಜ್ಜಂಪುರ

ಉತ್ತರ: ಧಾರಾಳವಾಗಿ ತಿನ್ನಬಹುದು, ಆದರೆ ಧಾರಾಳವಾಗಿ ಸವರಬಾರದು! ಅದು ಬಿಯರಲ್ಲ, ಬಿಯರ್ ಮಾಡಿದ ಮೇಲೆ ಮಿಕ್ಕುವ ಯೀಸ್ಟು. ಅದನ್ನು ತೊಳೆದು ಹದವಾದ ಬಿಸಿಯಲ್ಲಿಟ್ಟರೆ ಯೀಸ್ಟಿನ ಜೀವಕೋಶಗಳು ತಮ್ಮನ್ನು ತಾವೇ ಕರಗಿಸಿಕೊಳ್ಳುತ್ತವೆ. ಆ ರಸವನ್ನು ಸೋಸಿ, ನೀರಿಂಗಿಸಿ, ಉಪ್ಪು ಮತ್ತು ಬಾರ್ಲಿ ಮಾಲ್ಟ್ ಬೆರೆಸುತ್ತಾರೆ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಅಮಲೂ ಇಲ್ಲ. ಗ್ಲೂಟೆನ್ ಒಗ್ಗದವರು ಮಾತ್ರ ದೂರವಿಡಬೇಕು.

ಇಂಗ್ಲೆಂಡಿನಲ್ಲಿ 1902ರಿಂದ ಇಂಥದೇ ಯೀಸ್ಟಿನ ಮಾರ್ಮೈಟ್ ಇತ್ತು. ಅದಕ್ಕೆ ಪೈಪೋಟಿಯಾಗಿ ಮೆಲ್ಬರ್ನ್‌ನ ಫ್ರೆಡ್ ವಾಕರ್ ಕಂಪನಿಗೆ ಸಿರಿಲ್ ಕ್ಯಾಲಿಸ್ಟರ್ 1922ರಲ್ಲಿ ವೆಜಿಮೈಟ್ ತಯಾರಿಸಿಕೊಟ್ಟರು. ಆಸ್ಟ್ರೇಲಿಯಾದವರಿಗೇ ಮೊದಮೊದಲು ರುಚಿಸಲಿಲ್ಲ. 1928ರಲ್ಲಿ ‘ಪಾರ್ವಿಲ್’ ಅಂತ ಹೆಸರು ಬದಲಿಸಿ ನೋಡಿದರು, ಗಿಟ್ಟಲಿಲ್ಲ, ಹಳೆಯ ಹೆಸರಿಗೇ ಮರಳಿದರು. ಹಾಗಾಗಿ ನಿಮ್ಮ ನಾಲಿಗೆಯನ್ನು ಬೈದುಕೊಳ್ಳಬೇಡಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಬಸುರಿಯರು ರಕ್ತಹೀನತೆಯಿಂದ ಬಿಳಿಚಿಕೊಂಡಿದ್ದರು. ಅವರಿಗೆ ಅಗ್ಗದ ಮಾರ್ಮೈಟ್ ತಿನ್ನಿಸಿ ನೋಡಿದರೆ ರಕ್ತ ಸುಧಾರಿಸಿತು. 1931ರಲ್ಲಿ ಇದನ್ನು ಪ್ರಕಟಿಸಿದರು. ರಕ್ತ ಸುಧಾರಿಸಿದ, ಯೀಸ್ಟಿನಲ್ಲಿದ್ದ ಆ ಅಂಶವೇ ಫೋಲೇಟ್. ಇವತ್ತು ಆಶಾ ಕಾರ್ಯಕರ್ತೆಯರು ತರೀಕೆರೆಯ ಬಸುರಿಗೂ ಕಡೂರಿನ ಬಸುರಿಗೂ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಫೋಲಿಕ್ ಆಮ್ಲವೇ. ಹಾಗಂತ ಮಾತ್ರೆ ಬಿಟ್ಟು ಬಾಟಲಿ ಹಿಡಿಯಬೇಡಿ.

ಇನ್ನು ತಿನ್ನುವ ಬಗೆ. ನೂರು ಗ್ರಾಂ ವೆಜಿಮೈಟ್‌ನಲ್ಲಿ ಸುಮಾರು 8 ಗ್ರಾಂ ಉಪ್ಪಿದೆ, ಬಿಪಿಯವರು ಜೋಪಾನ. ಉಪ್ಪಿನಕಾಯಿಯಷ್ಟೇ ಮಿತವಾಗಿ ಬಳಸಬೇಕು: ಬಿಸಿ ಟೋಸ್ಟಿಗೆ ಮೊದಲು ಬೆಣ್ಣೆ ಬಳಿದು, ಅದರ ಮೇಲೆ ಚಾಕುವಿನ ತುದಿಯಲ್ಲಿ ಇಷ್ಟೇ ಇಷ್ಟು ಎಳೆಯಿರಿ. ಟೋಸ್ಟಿನ ಬಣ್ಣ ಕಾಣುತ್ತಿರಬೇಕು. ನನ್ನನ್ನು ಕೇಳಿದರೆ ಹುರುಳಿ ಕಟ್ಟಿನ ಸಾರಿಗೆ ಅರ್ಧ ಚಮಚ ಕದಡಿ, ಉಪ್ಪು ಕಡಿಮೆ ಹಾಕುವುದೇ ಮೇಲು. ಅದರಲ್ಲಿರುವ ಗ್ಲುಟಮೇಟ್‌ನಿಂದ ಸಾರಿನ ರುಚಿ ಏರುತ್ತದೆ.

ಮುಂದಿನ ಸಲ ಮಗನಿಗೆ ಆನ್‌ಜಾಕ್ ಬಿಸ್ಕತ್ತು ತರಲು ಹೇಳಿ. ಓಟ್ಸ್, ಬೆಣ್ಣೆ, ಕೊಬ್ಬರಿ ತುರಿ ಹಾಕಿ ಮಾಡುತ್ತಾರೆ. ಮೊಟ್ಟೆ ಹಾಕುವ ಪದ್ಧತಿಯಿಲ್ಲ. ತೆಂಗಿನ ಸೀಮೆಯವರಿಗೆ ಅದು ಮೊದಲ ತುತ್ತಿಗೇ ಹಿಡಿಸೀತು. ಕೊಬ್ಬರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕ್ ತಂದರೆ ಮಾತ್ರ ಕೇಳಿ ತಿನ್ನಿ, ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.